ಬೀದರಿನ ಇನ್‌ಕ್ಯುಬೇಟರಿಗೆ ನೀರು

ಬೀದರಿನಲ್ಲಿ ಮನೆಯೊಡತಿ ಕೀಲಿಕೈ ಕೊಡುವ ಮೊದಲು ನನ್ನ ಕೈಗೆ ಒಂದು ಕೊಡ ಕೊಟ್ಟರು. "ದಿನಾ ಇದ್ರಾಗೇ ನಡಸ್ರಿ" ಅಂದರು. ಬರದ ವರ್ಷ. ನಾನು ಇಳಿದ ಬಸ್ಸಿಗೇ ಪುಣೆಗೆ ದುಡಿಯಲು ಹೊರಟವರು ಗಂಟುಮೂಟೆ ಹತ್ತಿಸುತ್ತಿದ್ದರು. ಮೈಸೂರಿನಲ್ಲಿ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಿದ್ದವಳಿಗೆ ಇಲ್ಲಿ ಮುಖ ತೊಳೆಯುವುದಕ್ಕೂ ಲೆಕ್ಕ ಹಾಕಬೇಕಾಗಿ ರೇಗಿಹೋಗುತ್ತಿತ್ತು.

ನಾನು ಪಾಠ ಹೇಳಲು ಬಂದಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ಜೊತೆಗಿದ್ದವಳು ಸುಜಾತಾ, ಔರಾದಿನಿಂದ ದಿನಾ ಬಸ್ಸಿಗೆ ಬರುವ ಸಂಶೋಧಕಿ. ಜೀವಕೋಶದೊಳಗೆ ಡಿಎನ್‌ಎ, ಉಂಡೆಗೆ ಸುತ್ತಿದ ದಾರದ ಹಾಗೆ, ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಂಟಿದ ಅಸಿಟೈಲ್ ತುಣುಕುಗಳು ಆ ಸುತ್ತನ್ನು ಸಡಿಲಿಸುತ್ತವೆ. ಡಿಅಸಿಟೈಲೇಸ್ ಎಂಬ ಕಿಣ್ವ ಅವನ್ನು ಕಿತ್ತುಹಾಕಿದರೆ ಸುತ್ತು ಬಿಗಿಯಾಗಿ ಅಲ್ಲಿನ ಜೀನ್ ಸುಮ್ಮನಾಗುತ್ತದೆ. ಕಿಣ್ವವನ್ನು ತಡೆಯುವ ಔಷಧ ಹಾಕಿದರೆ ಆ ಜೀನ್ ಮತ್ತೆ ಕೆಲಸಕ್ಕಿಳಿಯುತ್ತದೆಯೇ ಎಂಬುದು ಅವಳ ಪ್ರಶ್ನೆ. ಆ ಜೀನಿಗೆ ಹಸಿರು ಹೊಳೆಯುವ ಪ್ರೋಟೀನಿನ ಗುರುತು ಕಟ್ಟಿದ್ದಳು; ಕೆಲಸಕ್ಕಿಳಿದರೆ ಕೋಶ ಹಸಿರಾಗಿ ಹೊಳೆಯಬೇಕು. ನಾನು ಬಂದು ಎರಡು ವರ್ಷವಾಗಿತ್ತು, ಬರ ಇನ್ನೂ ಬಿಟ್ಟಿರಲಿಲ್ಲ; ಆಗ ನನಗೆ ಮತ್ತೆ ಮೈಸೂರಿಗೆ ವರ್ಗವಾಯಿತು. ಅವಳ ಫಲಿತಾಂಶ ನೋಡಿಯೇ ಹೋಗುತ್ತೇನೆಂದು ಮಾತು ಕೊಟ್ಟಿದ್ದೆ.

ಒಂದು ತಟ್ಟೆಗೆ ಔಷಧ ಹಾಕಿದ್ದೆವು, ಇನ್ನೊಂದಕ್ಕೆ ಇಲ್ಲ. ಎರಡರಲ್ಲೂ ಕೋಶಗಳು ಮುರುಟಿ ಸತ್ತವು. ಔಷಧವೇ ಕೊಂದಿದ್ದರೆ ಎರಡನೆಯದು ಯಾಕೆ ಸತ್ತಿತು? ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ತಳದಲ್ಲಿ ನೀರಿಡುವ ಟ್ರೇ ಒಣಗಿ ಬಿದ್ದಿತ್ತು.

"ತುಂಬಾ ಹಾಕಿದ್ರ ಸುಮ್ನ ಆರಿ ಹೋಗ್ತದಲ್ರಿ. ಅದಕ್ಕ ಚೂರೇ ಹಾಕೀನಿ," ಅಂದಳು ಸುಜಾತಾ.

"ಆರಲಿ ಅಂತಲೇ ಇಡೋದು ಕಣೇ. ಆ ಆವಿ ಇಲ್ಲದಿದ್ರೆ ತಟ್ಟೆ ಒಣಗುತ್ತೆ."

ಅವಳ ಮುಖ ಸಣ್ಣದಾಯಿತು. ಉಳಿದದ್ದು ಒಂದೇ ಸೀಸೆ ಕೋಶ. "ಇದೂ ಹೋದ್ರ ಅಣ್ಣನ ಹಿಂದ ಪುಣೆಕ್ಕ ಹೋಗೋದೇರಿ," ಅಂದಳು.

ಟ್ರೇಗೆ ಬಟ್ಟಿ ಇಳಿಸಿದ ನೀರೇ ಬೇಕು. ಅದಿಷ್ಟು ಇಳಿಯಬೇಕಾದರೆ ಯಂತ್ರ ತಣಿಸಲು ಬಕೆಟ್‌ಗಟ್ಟಲೆ ನೀರು ಹರಿದುಹೋಗುತ್ತದೆ. ಟ್ಯಾಂಕರಿಗೆ ಸಾಲು ನಿಲ್ಲುವ ಊರಿನಲ್ಲಿ ಯಂತ್ರ ಹಾಕಲು ನನಗೇ ಮನಸ್ಸಾಗಲಿಲ್ಲ. ಸುಜಾತಾ ಹೋಗಿ ಹಾಸ್ಟೆಲಿನ ಭಾಲ್ಕಿ ಹುಡುಗಿಯರನ್ನು ಕರೆತಂದಳು. ಅವರು ಆ ನೀರು ಹೊರಬೀಳುವ ಕೊಳವೆಯ ಬಾಯಿಗೆ ಕೊಡ ಹಿಡಿದು ಒಂದು ಹನಿಯನ್ನೂ ಮೋರಿಗೆ ಬಿಡದೆ ಬಟ್ಟೆ ಒಗೆಯಲು ಹೊತ್ತೊಯ್ದರು.

ಟ್ರೇ ತುಂಬಿಸಿ, ಉಳಿದ ಕೋಶಗಳನ್ನು ಮತ್ತೆ ಎರಡು ತಟ್ಟೆಗೆ ಹಾಕಿದೆವು. ಈ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಸುಜಾತಾಳೇ. ಔಷಧವಿಲ್ಲದ ತಟ್ಟೆ ಕತ್ತಲೆ. ಇನ್ನೊಂದನ್ನು ಇಟ್ಟು ಗುಂಡಿ ತಿರುಗಿಸುತ್ತ ನೋಡಿದಳು. ಕೊನೆಗೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. ಒಂದು ಹಸಿರು ಚುಕ್ಕೆ, ಅದರಾಚೆ ಇನ್ನೊಂದು, ಆಮೇಲೆ ಎಲ್ಲೆಲ್ಲೂ.

ಕಣ್ಣೊರೆಸಿಕೊಂಡು, "ನಂದು ಆತ್ರಿ ಮೇಡಂ. ಇನ್ನ ನೀವು ಆರಾಮ ನಿಮ್ಮೂರಿಗಿ ಹೋಗ್ರಿ," ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಿಮ್ಮೂರು ಅಂದದ್ದಕ್ಕೆ ನನಗೆ ಮಾತ್ರ ನನ್ನ ಮನೆಯಿಂದಲೇ ಹೊರಗೆ ಹಾಕಿದಷ್ಟು ಸಿಟ್ಟು ಬಂತು.