ಗೇರುಹಣ್ಣಿನ ರಸ ಮತ್ತು ಎರಡನೇ ಸಲದ ಮೆಟ್ಟಿಲು

೧೯೮೪ರಲ್ಲಿ ನಾನು ಮಂಗಳೂರಿನ ಒಂದು ಉದ್ಯಮ ತರಬೇತಿ ಕೇಂದ್ರದಲ್ಲಿ ಸಂಯೋಜಕಿಯಾಗಿದ್ದೆ. ಸ್ಟಾರ್ಟ್‌ಅಪ್ ಎಂಬ ಮಾತನ್ನು ಆಗ ಯಾರೂ ಕೇಳಿರಲಿಲ್ಲ. ಕೃಷಿಯನ್ನೇ ಆಧರಿಸಿ ಹೊಸದೇನಾದರೂ ಮಾಡಲು ಹೊರಟವರಿಗೆ ಆರು ವಾರಗಳ ಕಾರ್ಯಾಗಾರ ನಡೆಸುತ್ತಿದ್ದೆವು. ಊರೊಳಗಿನ ಫಳ್ನೀರಿನಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿ ನಮ್ಮ ತರಗತಿ. ಕೆಳಗಿನ ಔಷಧದ ವಾಸನೆ ಮಧ್ಯಾಹ್ನದ ಹೊತ್ತಿಗೆ ಮೇಲಕ್ಕೂ ಬರುತ್ತಿತ್ತು. ಫ್ಯಾನು ಒಂದೇ ಇದ್ದುದರಿಂದ ಅದರ ಕೆಳಗಿನ ಜಾಗಕ್ಕೆ ದಿನವೂ ಸಣ್ಣ ಪೈಪೋಟಿ.

ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು, ಮಾರುಕಟ್ಟೆ ವಿಚಾರಿಸುವುದು, ಬ್ಯಾಂಕಿನವರೊಡನೆ ಮಾತಾಡುವುದು, ಇವೆಲ್ಲ ಪಾಠದಲ್ಲಿದ್ದವು. ಎಲ್ಲಕ್ಕಿಂತ ಕಠಿಣವಾದದ್ದು ಮಾರ್ಜಿನ್ ಮನಿ. ಬ್ಯಾಂಕು ಸಾಲ ಕೊಡಬೇಕಾದರೆ ಒಂದು ಪಾಲನ್ನು ಉದ್ಯಮಿಯೇ ಹಾಕಬೇಕು, ಆ ಪಾಲಿಗೆ ಮಾರ್ಜಿನ್ ಮನಿ ಎನ್ನುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದವರ ಕೈಯಲ್ಲಿ ಅದು ಇರುತ್ತಿರಲಿಲ್ಲ. ಆದ್ದರಿಂದ ಕೊನೆಯ ದಿನ ಊರಿನ ವ್ಯಾಪಾರಿಗಳನ್ನು ಕರೆದು, ಪಾಲುಗಾರರಾಗುತ್ತೀರಾ ಎಂದು ಕೇಳುವ ಒಂದು ಭೇಟಿಯನ್ನು ಇಟ್ಟುಕೊಂಡಿದ್ದೆವು.

ಆ ವರ್ಷದ ಶಿಬಿರಕ್ಕೆ ಕಾಟಿಪಳ್ಳದಿಂದ ಸುನಂದಾ ಶೆಡ್ತಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಮೊದಲ ದಿನವೇ ಎಲ್ಲರಿಗೂ ಸುನಂದಕ್ಕ ಆಗಿಬಿಟ್ಟರು. ಗಂಡನ ಮನೆಯವರ ಗದ್ದೆಗಳಲ್ಲಿ ಅರ್ಧ ಭೂಸುಧಾರಣೆಯಲ್ಲಿ ಒಕ್ಕಲುಗಳಿಗೆ, ಉಳಿದದ್ದು ಹೊಸ ಬಂದರು ಕಟ್ಟಲು ಸರಕಾರಕ್ಕೆ ಹೋಗಿ, ಬದಲಿಗೆ ಸಿಕ್ಕ ಕಾಟಿಪಳ್ಳದ ಸೈಟಿನಲ್ಲಿ ಹಂಚಿನ ಸಣ್ಣ ಮನೆ ಮಾತ್ರ ಉಳಿದಿತ್ತು. ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಮ್ಯಾನೇಜರು. ಮನೆ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದುಬಿಡು ಎಂಬುದು ಅವರ ಒತ್ತಾಯ. ಗೇರಿನ ಈ ಸೀಸನ್ ಮುಗಿಯುವವರೆಗೆ ತಡೆಯಿರಿ, ನನ್ನ ಕೆಲಸ ಕುದುರದಿದ್ದರೆ ಬರುತ್ತೇನೆ ಎಂದು ಸುನಂದಕ್ಕ ಮಾತು ಕೊಟ್ಟಿದ್ದರು.

ಕೆಲಸವೆಂದರೆ ಗೇರುಹಣ್ಣಿನ ರಸ. ಬೀಜ ತೆಗೆದುಕೊಂಡು ಹಣ್ಣನ್ನು ಗುಡ್ಡೆಯಲ್ಲೇ ಕೊಳೆಯಲು ಬಿಡುವುದು ನಮ್ಮ ಕಡೆಯ ರೂಢಿ. ಅದರ ರಸ ಗಂಟಲು ಕೆರೆಯುತ್ತದೆ. ಸುನಂದಕ್ಕ ರಸಕ್ಕೆ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಬೆರೆಸಿ ಇಡುತ್ತಿದ್ದರು. ಒಗರೆಲ್ಲ ಗಸಿಯಾಗಿ ತಳಕ್ಕೆ ಕೂರುತ್ತಿತ್ತು. ಮೇಲಿನ ತಿಳಿಯನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ ಸಕ್ಕರೆ ಹಾಕಿದರೆ ಹೊನ್ನಿನ ಬಣ್ಣದ ಪಾನೀಯ. ಆಹಾರ ತಂತ್ರಜ್ಞಾನದ ಪಾಠಕ್ಕೆ ಬಂದ ಮೇಷ್ಟ್ರು ರುಚಿ ನೋಡಿ ಮೆಚ್ಚಿದರು. ಬಾಟ್ಲಿಗಳನ್ನು ಬಿಸಿನೀರಿನಲ್ಲಿ ಕುದಿಸಿ ಕ್ರಿಮಿ ಕೊಲ್ಲುವುದನ್ನೂ ಚಿಟಿಕೆಯಷ್ಟು ಪ್ರಿಸರ್ವೇಟಿವ್ ಹಾಕುವುದನ್ನೂ ಕಲಿಸಿಕೊಟ್ಟರು. ಇದು ಮೂರನೇ ವಾರದ ಮಾತು.

ಪಾಲುಗಾರರಾಗಿ ನಾವು ನಂಬಿದ್ದು ಮೂಸಾ ಹಾಜಿಯವರನ್ನು. ಪೇಟೆಯ ಹಳೇ ಬಂದರಿನಲ್ಲಿ ದಿನಸಿಯ ಸಗಟು ಅಂಗಡಿ, ತಮ್ಮಂದಿರು ಗಲ್ಫಿನಲ್ಲಿ. ಬಡ್ಡಿ ಮುಟ್ಟುವವರಲ್ಲ. ಲಾಭನಷ್ಟ ಎರಡರಲ್ಲೂ ಪಾಲಾದರೆ ಮಾತ್ರ ಹಣ ಹಾಕುವವರು. ನಮ್ಮವರಿಗೆ ಅವರಿಗಿಂತ ಒಳ್ಳೆಯ ಪಾಲುಗಾರ ಬೇಡ.

ಭೇಟಿಯ ಹಿಂದಿನ ದಿನ ನಾವೆಲ್ಲ ಸುನಂದಕ್ಕನ ರಸ ಕುಡಿದೆವು. ತಪ್ಪು ಹುಡುಕಲು ಏನೂ ಇರಲಿಲ್ಲ. ಮರುದಿನ ಅವರು ಹಾಜಿಯವರ ಮುಂದೆ ಇಟ್ಟದ್ದು ಬೇರೆ ಬಾಟ್ಲಿ. ಗದ್ದೆಯ ಮೊದಲ ತೆನೆಯನ್ನಾಗಲಿ ಕರು ಹಾಕಿದ ದನದ ಮೊದಲ ಹಾಲನ್ನಾಗಲಿ ಅವರ ಮನೆಯಲ್ಲಿ ಯಾರೂ ಮುಟ್ಟುವ ಕ್ರಮವಿರಲಿಲ್ಲ, ಅದು ದೊಡ್ಡವರಿಗೆ ಮೀಸಲು. ಹಾಗೆಯೇ ರಸದಲ್ಲಿಯೂ ಮೊಟ್ಟಮೊದಲು ತುಂಬಿಸಿದ ಬಾಟ್ಲಿಯನ್ನು ಬಂಡವಾಳ ಹಾಕಲು ಬರುವವರಿಗೆಂದು ಎತ್ತಿಟ್ಟಿದ್ದರು. ಮೇಷ್ಟ್ರ ಪಾಠಕ್ಕೂ ಮೊದಲಿನ ಬಾಟ್ಲಿ ಅದು. ಕುದಿಸಿದ್ದಲ್ಲ, ಪ್ರಿಸರ್ವೇಟಿವ್ ಕಂಡದ್ದಲ್ಲ, ಏಪ್ರಿಲಿನ ಸೆಕೆಯಲ್ಲಿ ಹಂಚಿನ ಕೆಳಗೆ ಕೂತಿದ್ದು.

ಬಿರಡೆ ಎಳೆದದ್ದೇ ನೊರೆ ಉಕ್ಕಿ ಮೇಜಿನ ಬಟ್ಟೆ ತೊಯ್ದಿತು. ಹುಳಿಬಂದ ರಸದ ವಾಸನೆ ಇಡೀ ಕೋಣೆಗೆ ತಿಳಿಯಿತು. ಕೋಳಿ ಆಹಾರದ ಯೋಜನೆ ಹಿಡಿದು ಬಂದಿದ್ದ ವಾಸು ಹಿಂದಿನ ಸಾಲಿನಿಂದ, "ಸುನಂದಕ್ಕ, ಇದರ ಲೈಸೆನ್ಸ್ ಅಬಕಾರಿಯವರತ್ರ ಕೇಳ್ಬೇಕಾದೀತು" ಎಂದ. ನಾಲ್ಕು ಮಂದಿ ನಕ್ಕರು. ಬ್ಯಾಂಕಿನ ಮ್ಯಾನೇಜರೂ ಕರವಸ್ತ್ರವನ್ನು ಬಾಯಿಗೆ ಹಿಡಿದರು.

ಹಾಜಿಯವರು ನಗಲಿಲ್ಲ. ಲೋಟವನ್ನು ಮೆಲ್ಲಗೆ ಆಚೆ ಸರಿಸಿ, "ನೀವು ಬೇಕಂತ ಮಾಡಿದ್ದಲ್ಲ ಶೆಡ್ತಿಯವ್ರೆ, ಅದು ನಂಗೆ ಗೊತ್ತುಂಟು" ಎಂದರು.

ನಾನು ಓಡಿಹೋಗಿ ಹಿಂದಿನ ದಿನದ ಬಾಟ್ಲಿ ತಂದೆ. ಅವರು ಮೂಸಿ ನೋಡಿ, ಒಂದು ಗುಟುಕು ಕುಡಿದು, ಇನ್ನೊಂದು ಗುಟುಕನ್ನೂ ಕುಡಿದರು.

"ಇದು ಒಳ್ಳೆದುಂಟು. ಆದ್ರೆ ಯಾವ ಬಾಟ್ಲಿ ಎಂತ ಆಗ್ತದೆ ಅಂತ ನಾನು ಹೇಗೆ ಹೇಳುದು? ನನ್ನ ಅಂಗಡಿಯಿಂದ ಅಂಥದ್ದು ಒಂದು ಹೋದ್ರೆ ಸಾಕು, ಮತ್ತೆ ಪಳ್ಳಿಗೆ ನಮಾಜಿಗೆ ಯಾವ ಮುಖ ತಕೊಂಡು ಹೋಗ್ಲಿ? ಈಗ ಬೇಡ."

ಸುನಂದಕ್ಕ ಸೆರಗಿನ ತುದಿಯಿಂದಲೇ ಮೇಜು ಒರೆಸಿದರು. ಆಮೇಲೆ ಉಳಿದವರ ಸರದಿ ಮುಗಿಯುವ ತನಕ ಬೆನ್ನು ನೆಟ್ಟಗಿಟ್ಟು ಕೂತೇ ಇದ್ದರು.

ಎರಡು ದಿನ ಬಿಟ್ಟು ನಾನು ಕಾಟಿಪಳ್ಳಕ್ಕೆ ಹೋದೆ. ಜಗಲಿಯಲ್ಲಿ ಬುಟ್ಟಿಯ ಹಣ್ಣುಗಳು ಹಾಗೆಯೇ ಮೆತ್ತಗಾಗುತ್ತಿದ್ದವು, ನೊಣ ಮುತ್ತಿತ್ತು. ನನಗೆ ಕಾಫಿ ಬಂತು, ರಸದ ಮಾತು ಬರಲಿಲ್ಲ. ಕೊನೆಗೆ ನಾನೇ ಎತ್ತಿದೆ: ಕುದಿಸಿದ ಬಾಟ್ಲಿಗಳನ್ನು ಹಿಡಿದುಕೊಂಡು ಒಮ್ಮೆ ಬಂದರಿನ ಅಂಗಡಿಗೆ ಹೋಗಿ ಬನ್ನಿ, ಜತೆಗೆ ನಾನೂ ಬರುತ್ತೇನೆ.

"ನಮ್ಮ ಮಾವ ಚಾವಡಿಯಲ್ಲಿ ಕೂತು ಊರಿನವರ ಗೇಣಿ ತಕೊಂಡವರು ಮೇಡಂ. ನಾನು ಒಬ್ಬರತ್ರ ಬಾಯಿಬಿಟ್ಟು ಕೇಳಿದ್ದೇ ದೊಡ್ಡದು. ಇಲ್ಲ ಅಂದವರ ಮೆಟ್ಟಿಲು ಎರಡನೇ ಸಲ ಹತ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಇಲ್ಲ ಅಂದದ್ದಲ್ಲ ಸುನಂದಕ್ಕ. ಈಗ ಬೇಡ ಅಂದದ್ದು."

"ಅದು ಮರ್ಯಾದೆಗೆ ಹೇಳುದು. ನನಗೆ ಅಷ್ಟು ಗೊತ್ತಾಗುದಿಲ್ವಾ? ನನ್ನ ಹೆಸರು ಹೇಳಿ ನೀವೂ ಹೋಗ್ಬೇಡಿ, ನನ್ನಾಣೆ ಉಂಟು."

ಆಣೆ ಹಾಕಿದ ಮೇಲೆ ನಾನು ಹೋಗುವ ಹಾಗಿರಲಿಲ್ಲ. ಮಾರ್ಜಿನ್ ಮನಿ ಇಲ್ಲವೆಂದು ಬ್ಯಾಂಕಿನವರು ಅರ್ಜಿ ಹಿಂದಿರುಗಿಸಿದರು. ಬೊಂಬಾಯಿಯಲ್ಲಿ ಶಾಲೆ ಶುರುವಾಗುವ ಮೊದಲು ಸುನಂದಕ್ಕ ಮಕ್ಕಳೊಂದಿಗೆ ಬಸ್ಸು ಹತ್ತಿದರು. ಮನೆಯನ್ನು ಪಕ್ಕದವರೇ ಕೊಂಡರು.

ಮುಂದಿನ ವರ್ಷ ಗೇರು ಹೂಬಿಟ್ಟ ಸಮಯ. ಹೊಸ ಶಿಬಿರಕ್ಕೆ ಆಹ್ವಾನ ಕೊಡಲು ಬಂದರಿನ ಅಂಗಡಿಗೆ ಹೋಗಿದ್ದೆ. ಹಾಜಿಯವರು ಮೆಣಸಿನ ಗೋಣಿಗಳ ನಡುವೆ ನನಗೊಂದು ಕುರ್ಚಿ ಹಾಕಿಸಿ, ಶೆಡ್ತಿಯವರು ಮತ್ತೆ ಬರಲೇ ಇಲ್ಲವಲ್ಲ ಎಂದು ವಿಚಾರಿಸಿದರು. ಬೊಂಬಾಯಿಗೆ ಹೋದರು, ಮನೆಯೂ ಮಾರಿಯಾಯಿತು ಎಂದೆ. ಅವರು ಕೈಯಲ್ಲಿದ್ದ ತೂಕದ ಕಲ್ಲನ್ನು ತಕ್ಕಡಿಯ ಪಕ್ಕ ಇಟ್ಟರು.

"ಎಂತ ಮೇಡಂ ಇದು? ನಮ್ಮಲ್ಲಿ ಮೊದಲ ಸಲಕ್ಕೆ ಯಾರಾದ್ರೂ ಹ್ಞೂಂ ಅಂತಾರಾ? ಮೂರು ಸಲ ಬಂದವನ ಮಾಲನ್ನೇ ನಾವು ತಕೊಳ್ಳುದು. ಮಾಲಿನ ಮೇಲೆ ಅವನಿಗೇ ಭರವಸೆ ಉಂಟಾ ಇಲ್ವಾ ಅಂತ ನೋಡ್ಬೇಕಲ್ಲ. ಆ ಎರಡನೇ ಬಾಟ್ಲಿ ನನ್ನ ಬಾಯಲ್ಲಿ ಈಗ್ಲೂ ಉಂಟು. ನಾನು ಮಳೆಗಾಲ ಇಡೀ ಕಾದೆ."

ಆಹ್ವಾನ ಕೊಟ್ಟು ಎದ್ದುಬಂದೆ.

ಕೇಳುವುದು ಹೇಗೆಂದು ಆರು ವಾರ ಹೇಳಿಕೊಡುತ್ತಿದ್ದೆವು. ಕೇಳಿಸಿಕೊಂಡವನು ಬೇಡವೆಂದರೆ ಅವನ ಪೇಟೆಯಲ್ಲಿ ಅದಕ್ಕೇನು ಅರ್ಥ ಎಂಬುದು ಪಾಠದಲ್ಲಿರಲಿಲ್ಲ. ಬಂಡವಾಳ ಹಾಕುವವನೂ ಬೇಡುವವನೂ ಒಂದೇ ಊರಿನ ನೀರು ಕುಡಿದವರು, ಆದರೂ ಒಬ್ಬನ ಬಾಗಿಲಿನ ರೀತಿ ಇನ್ನೊಬ್ಬನಿಗೆ ತಿಳಿದಿರುವುದಿಲ್ಲ. ಇದು ನನಗೆ ಕೆಲಸ ಕಲಿಸಿದ ಪಾಠ. ಅಂದಿನಿಂದ ಭೇಟಿಯ ಮರುದಿನವೂ ಒಂದು ತರಗತಿ ಇಟ್ಟೆ. ನಿನ್ನೆ ಬೇಡ ಎಂದವರಲ್ಲಿಗೆ ಇವತ್ತೇ ಮತ್ತೊಮ್ಮೆ ಹೋಗಿಬನ್ನಿ ಎನ್ನುತ್ತಿದ್ದೆ. ಹಲವರು ಹೋದರು, ಕೆಲವರಿಗೆ ದಕ್ಕಿತು ಕೂಡ. ಪ್ರತಿ ಶಿಬಿರದಲ್ಲೂ ಒಬ್ಬರೋ ಇಬ್ಬರೋ ಮಾತ್ರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಂಥವರಿಗೆ ಏನು ಹೇಳಿ ಎಬ್ಬಿಸಬೇಕೆಂಬುದು ನಿವೃತ್ತಿಯ ದಿನದವರೆಗೂ ನನಗೆ ಗೊತ್ತಾಗಲಿಲ್ಲ.