ಒಂದೇ ದಿನಕ್ಕೆ ಬಿದ್ದ ಎರಡು ಹುಟ್ಟುಹಬ್ಬ

ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನ ಯಾರು ಅದರಲ್ಲಿ ಮೊದಲು ಏನನ್ನು ಹುಡುಕುತ್ತಾರೆ ಎಂಬುದನ್ನು ನೋಡಿಯೇ ಅವರ ಜಾತಕ ಬರೆದುಬಿಡಬಹುದು. ಕೆಲಸಕ್ಕೆ ಹೋಗುವವರು ಸೋಮವಾರಕ್ಕೆ ಬಿದ್ದ ರಜೆಯನ್ನು, ಭಕ್ತರು ಏಕಾದಶಿ ಸಂಕಷ್ಟಿಗಳನ್ನು, ಮದುವೆಗೆ ಬಂದ ಮಕ್ಕಳಿರುವವರು ಮುಹೂರ್ತಗಳನ್ನು ಹುಡುಕುತ್ತಾರೆ. ನಾನು ಹುಡುಕುವುದು ಕಾರ್ತಿಕ ಮಾಸದ ಬಹುಳ ಪಂಚಮಿಯನ್ನು. ಭಕ್ತಿಯಿಂದಲ್ಲ, ದಯವಿಟ್ಟು ಅಪಾರ್ಥ ಮಾಡಿಕೊಳ್ಳಬೇಡಿ. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಣಳತೆಯಲ್ಲಿ ಬೆಳೆದ ನನಗೆ ವರ್ಷವೆಂದರೆ ಜನವರಿಯಿಂದ ಡಿಸೆಂಬರ್, ಹುಟ್ಟುಹಬ್ಬವೆಂದರೆ ಕೇಕು ಮತ್ತು ಕ್ಯಾಂಡಲ್. ಶುಕ್ಲಕ್ಕೂ ಬಹುಳಕ್ಕೂ ಇರುವ ವ್ಯತ್ಯಾಸ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ನನ್ನ ಬೀಗಿತ್ತಿ ಶಾಂತಾಬಾಯಿಯ ದೆಸೆಯಿಂದ.

ಶಾಂತಾಬಾಯಿ ಧಾರವಾಡದವರು, ನನ್ನ ಸೊಸೆ ರೇಖಾಳ ತಾಯಿ. ‘ನನ್ನ ಸೊಸೆ’ ಎನ್ನುವುದು ಕಾನೂನಿನ ಪ್ರಕಾರ ಈಗ ತಪ್ಪು. ನನ್ನ ಮಗ ಸುನಿಲನೂ ಅವಳೂ ಬೇರೆಯಾದಾಗ ಮೊಮ್ಮಗಳು ಅನಘಾ ಇನ್ನೂ ಯುಕೆಜಿಯಲ್ಲಿದ್ದಳು. ಇಬ್ಬರೂ ಕೆಟ್ಟವರಲ್ಲ, ಪ್ರತ್ಯೇಕವಾಗಿ ಇಟ್ಟರೆ ಇಬ್ಬರೂ ಪರಮ ಸಾಧುಗಳು, ಒಂದು ಸೂರಿನಡಿ ಸೇರಿದರೆ ಮಾತ್ರ ಕುಕ್ಕರಿನ ಸೀಟಿಯೂ ಕೇಳಿಸದಷ್ಟು ವಾಗ್ವಾದ. ವಿಚ್ಛೇದನವಾದ ಮೇಲೆ ಗಂಡ ಮಾಜಿಯಾಗುತ್ತಾನೆ, ಹೆಂಡತಿ ಮಾಜಿಯಾಗುತ್ತಾಳೆ. ಆದರೆ ‘ಮಾಜಿ ಬೀಗಿತ್ತಿ’ ಎಂದು ಯಾರಾದರೂ ಕರೆದದ್ದನ್ನು ನೀವು ಕೇಳಿದ್ದೀರಾ? ಮೊಮ್ಮಗು ಒಂದೇ ಇರುವಾಗ ಅಜ್ಜಿಯರಿಗೆ ಡಿವೋರ್ಸ್ ಕೊಡಿಸುವ ಕೋರ್ಟು ಇನ್ನೂ ಹುಟ್ಟಿಲ್ಲ.

ಮಕ್ಕಳು ಒಳಗೆ ಜಡ್ಜರ ಮುಂದೆ ನಿಂತಿದ್ದಾಗ ನಾವಿಬ್ಬರು ಹೊರಗಿನ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕೂತಿದ್ದೆವು. ಅವರು ಕೇಳಿದರು: “ಅಕ್ಕಾರ, ಕೂಸಿನ ಹುಟ್ಟಿದ ಹಬ್ಬ ಇನ್ನ ಯಾರ ಮನ್ಯಾಗ?”

“ಡೇಟ್ ಆಫ್ ಬರ್ತ್ ನಮಗಿರಲಿ,” ಎಂದೆ, ಸಾಮ್ರಾಜ್ಞಿಯ ಗತ್ತಿನಲ್ಲಿ.

“ಆತು. ತಿಥಿ ನಮಗ ಬಿಡ್ರಿ.”

ಹೀಗೆ ನಮ್ಮ ಒಡಂಬಡಿಕೆ ಆಯಿತು. ತಾರೀಖಿನ ಹುಟ್ಟುಹಬ್ಬ ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ, ಕೇಕಿನೊಂದಿಗೆ. ಪಂಚಮಿಯ ಹುಟ್ಟುಹಬ್ಬ ಹೊರಮಾವಿನಲ್ಲಿ ರೇಖಾ, ಅನಘಾರೊಂದಿಗೆ ಅವರಿದ್ದ ಫ್ಲಾಟಿನಲ್ಲಿ, ಎಣ್ಣೆಸ್ನಾನ, ಹೋಳಿಗೆ, ಆರತಿಯೊಂದಿಗೆ. ಎರಡರ ನಡುವೆ ಒಂದು ವರ್ಷ ವಾರದ ಅಂತರ, ಇನ್ನೊಂದು ವರ್ಷ ಹೆಚ್ಚು. ಪುಟ್ಟ ಅನಘಾ ನಡುವೆ ಓಡಾಡುವ ರಾಯಭಾರಿ. “ಆ ಅಜ್ಜಿ ಏನು ಮಾಡಿದ್ರು ಚಿನ್ನ?” ಎಂದು ನಾನು ಕೇಳಿದರೆ, “ಅಜ್ಜಿ ಹೇಳಿದ್ಲು, ಗ್ರ್ಯಾನಿ ಕೇಕಿಗೆ ಮೊಟ್ಟೆ ಹಾಕ್ತಾರೇನು ಕೇಳ್ಕೊಂಡು ಬಾ ಅಂತ” ಎನ್ನುವಳು. ಮರುವರ್ಷದಿಂದ ನಾನು ಮೊಟ್ಟೆಯಿಲ್ಲದ ಕೇಕು ಮಾಡಲು ಕಲಿತೆ. ಅದು ಉಬ್ಬುತ್ತಿರಲಿಲ್ಲ, ಇಟ್ಟಿಗೆಯಂತಿದ್ದ ಆ ಕೇಕನ್ನು ನಮ್ಮ ಯಜಮಾನರು ಗರಗಸವಿಲ್ಲದೆ ಕತ್ತರಿಸಿದ್ದು ಅವರ ಪುಣ್ಯ. ಅತ್ತ ಶಾಂತಾಬಾಯಿ ಹೋಳಿಗೆಯ ಮೇಲೆ ಚೆರಿ ಇಡಲು ಶುರು ಮಾಡಿದರಂತೆ. ಪೈಪೋಟಿಯೆಂದರೆ ಇದು!

ಸ್ಕೂಲಿನಲ್ಲಿ ಉಳಿದ ಮಕ್ಕಳು ಅನಘಾಳನ್ನು ನೋಡಿ ಕರುಬುತ್ತಿದ್ದರು ಎಂದು ಅವಳೇ ಹೇಳುತ್ತಿದ್ದಳು. ನಾನೂ ಬೀಗುತ್ತಿದ್ದೆ. ‘ಬ್ರೋಕನ್ ಹೋಮ್’ ಎಂದು ಯಾರೋ ಕೌನ್ಸೆಲರ್ ಅಂದಾಗ, ನಮ್ಮ ಮನೆ ಒಡೆದದ್ದರಿಂದ ಮಗುವಿನ ಪಾಲಿಗೆ ಎಲ್ಲವೂ ಇಮ್ಮಡಿಯಾಯಿತಲ್ಲವೇ ಎಂದು ಲೆಕ್ಕ ಹಾಕಿ ಸಮಾಧಾನಪಟ್ಟವಳು ನಾನು.

ಈ ವರ್ಷ ಕ್ಯಾಲೆಂಡರ್ ತಿರುವಿದವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ತಾರೀಖು, ಪಂಚಮಿ, ಎರಡೂ ಒಂದೇ ಚೌಕದಲ್ಲಿ ಕೂತಿದ್ದವು.

“ಹತ್ತೊಂಬತ್ತು ವರ್ಷಕ್ಕೊಮ್ಮೆ ಸೂರ್ಯ ಚಂದ್ರರ ಲೆಕ್ಕ ಸರಿಹೋಗುತ್ತೆ ಕಣೇ,” ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. “ನನಗೆ ಮೊದಲೇ ಗೊತ್ತಿತ್ತು.”

“ಮೊದಲೇ ಹೇಳಬಾರದಿತ್ತಾ?”

“ನೀವಿಬ್ಬರೂ ಒಪ್ಪಂದ ಮಾಡ್ಕೊಳ್ಳುವಾಗ ನನ್ನನ್ನ ಕೇಳಿದ್ರಾ?”

ಆಕಾಶದಲ್ಲಿ ಸೂರ್ಯ ಚಂದ್ರರು ರಾಜಿಯಾದರು. ಭೂಮಿಯ ಮೇಲೆ ನನಗೆ ಪೇಚಾಟ ಹತ್ತಿತು. ಹುಡುಗಿಗೆ ಹತ್ತೊಂಬತ್ತು ತುಂಬುತ್ತದೆ, ಒಂದೇ ದಿನ ಎರಡು ಕಡೆ ಇರಲಾರಳು. ಯಾವುದೋ ಒಂದು ಮನೆ ಆ ದಿನ ಅವಳಿಲ್ಲದೆ ಉಳಿಯಬೇಕು. ಇಷ್ಟು ವರ್ಷ ಯಾರ ಕಡೆ ಎಂಬ ಪ್ರಶ್ನೆಯನ್ನು ಅವಳ ಬಾಯಿಂದ ಹೊರಡಿಸದೆ ಕಾಪಾಡಿಕೊಂಡು ಬಂದಿದ್ದೆವು. ಈಗ ಅವಳೇ ಆರಿಸಬೇಕು. ಮಗಳಂತೆ ಸಾಕಿದವಳನ್ನು ಆ ಕಟಕಟೆಯಲ್ಲಿ ನಿಲ್ಲಿಸುವುದೇ? ಬಹಳ ಯೋಚಿಸಿ, ನನ್ನ ತ್ಯಾಗಕ್ಕೆ ನಾನೇ ಕಣ್ಣು ತೇವ ಮಾಡಿಕೊಂಡು, ನವೆಂಬರಿನಲ್ಲಿ ಅವಳಿಗೆ ಫೋನ್ ಮಾಡಿದೆ: “ಡಾರ್ಲಿಂಗ್, ಈ ಸಲ ನೀನು ಹೊರಮಾವಿನಲ್ಲೇ ಇರು. ನಮಗೆ ಬೇರೆ ಕೆಲಸ ಇದೆ.” ಬೇರೆ ಕೆಲಸವೇನೂ ಇರಲಿಲ್ಲ. ಸುಳ್ಳು ಹೇಳಿದರೆ ನಾಲಿಗೆಗೆ ಸೋಪು ಎನ್ನುತ್ತಿದ್ದ ಸಿಸ್ಟರುಗಳು ಕ್ಷಮಿಸಲಿ.

ಮರುದಿನ ಸಂಜೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಮೂಗು ಕೆಂಪಗೆ.

“ಏನು ಗ್ರ್ಯಾನಿ, ಇಬ್ಬರೂ ಸೇರಿ ನನ್ನ ಓಡಿಸ್ತಿದ್ದೀರಾ? ಅಜ್ಜಿ ಬೆಳಿಗ್ಗೆ ಹೇಳ್ತಾಳೆ, ‘ಈ ಸಲ ಗ್ರ್ಯಾನಿ ಮನಿಗೆ ಹೋಗವ್ವ, ನಮಗ ಬ್ಯಾರೆ ಕೆಲಸ ಅದ’ ಅಂತ. ನೀವೂ ಅದನ್ನೇ ಹೇಳ್ತೀರ. ನಾನೆಲ್ಲಿ ಹೋಗ್ಲಿ, ಮೆಟ್ರೋ ಸ್ಟೇಷನ್ನಿಗಾ?”

ಅಲ್ಲಿಗೆ ತಿಳಿಯಿತು: ಶಾಂತಾಬಾಯಿಯೂ ನನ್ನಷ್ಟೇ ಉದಾರಿ, ನನ್ನಷ್ಟೇ ಪೆದ್ದಿ. ‘ನೀವು ತಗೊಳ್ಳಿ, ನೀವು ತಗೊಳ್ಳಿ’ ಎಂದು ಕೊನೆಯ ಹೋಳಿಗೆಯನ್ನು ತಟ್ಟೆಯಿಂದ ತಟ್ಟೆಗೆ ದಾಟಿಸಿ ಕಡೆಗೆ ನೆಲಕ್ಕೆ ಬೀಳಿಸುವ ಜಾತಿ ನಮ್ಮದು.

“ನಿನಗೆ ಕಷ್ಟ ಆಗಬಾರದು ಅಂತ ಪುಟ್ಟ. ಎರಡೆರಡು ಬರ್ತ್‌ಡೇ ಮಾಡಿ ಅಭ್ಯಾಸ ಆದವಳು ನೀನು…”

“ಎರಡು ಬೇಕು ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?” ಎಂದಳು. “ಎರಡೂ ಕಡೆ ಅರ್ಧ ಜನ ಇರ್ತಿದ್ರಿ ಗ್ರ್ಯಾನಿ. ಈ ಕಡೆ ಅಪ್ಪ, ಆ ಕಡೆ ಅಮ್ಮ. ನಾನು ಒಂದ್ಸಲನೂ ಪೂರ್ತಿ ಬರ್ತ್‌ಡೇ ಮಾಡ್ಕೊಂಡಿಲ್ಲ.”

ನನ್ನ ಗುಣಾಕಾರವನ್ನು ಅವಳು ಒಂದೇ ಏಟಿಗೆ ಭಾಗಾಕಾರ ಮಾಡಿಬಿಟ್ಟಳು. ನಾನು ಕಾಫಿ ಬೆರೆಸಲು ಒಳಗೆ ಹೋದೆ. ಲೆಕ್ಕ ತಪ್ಪಿದಾಗ ಕಾಫಿ ಬೆರೆಸುವುದು ನನ್ನ ಹಳೆಯ ಉಪಾಯ. ನಾವು ಅಜ್ಜಿಯರು ಮಗುವನ್ನು ಹರಿಯದಂತೆ ಹಂಚಿಕೊಂಡೆವೆಂದು ಹೆಮ್ಮೆಪಟ್ಟಿದ್ದೆವು. ಹಂಚಿಕೊಂಡಿದ್ದೆವು ಎಂಬುದನ್ನೇ ಮರೆತಿದ್ದೆವು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅನಘಾ ಶಾಂತಾಬಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ನಮ್ಮ ಮನೆಗೇ ಬಂದಳು. ರೇಖಾಳೂ ಹಿಂದೆಯೇ ಬಂದು, “ಹತ್ತು ನಿಮಿಷ ಅಷ್ಟೇ ಆಂಟಿ,” ಎಂದು ಕುರ್ಚಿಯ ಅಂಚಿನಲ್ಲಿ ಕೂತಳು. ಮೊದಲು ‘ಅತ್ತೆ’ ಎನ್ನುತ್ತಿದ್ದವಳು, ಇರಲಿ. ಸುನಿಲ ಆಚೆ ತುದಿಯಲ್ಲಿ ನಿಂತು ಫ್ಯಾನಿನ ವೇಗವನ್ನು ಏರಿಸುತ್ತಾ ಇಳಿಸುತ್ತಾ ಇದ್ದ. ಅವರಿಬ್ಬರ ನಡುವೆ ನಡೆದ ಒಟ್ಟು ಸಂಭಾಷಣೆ: “ನೀರು?” “ಹ್ಞೂಂ.” ಜಗಳವಿಲ್ಲದ ಎರಡು ಶಬ್ದ, ನನಗೆ ಅಷ್ಟೇ ಸಾಕಾಯಿತು.

ಆರತಿಯ ಹೊತ್ತಿಗೆ ತೊಡಕು ಬಂತು. ತಟ್ಟೆಯನ್ನು ಇಬ್ಬರು ಹೆಂಗಸರು ಕೂಡಿ ಹಿಡಿಯಬೇಕು, ಇಬ್ಬರೂ ಮುತ್ತೈದೆಯರಾಗಿರಬೇಕು ಎಂಬುದು ಶಾಂತಾಬಾಯಿಯ ಕಡೆಯ ಪದ್ಧತಿ. ಅವರ ಗಂಡ ತೀರಿಕೊಂಡದ್ದು ಅನಘಾ ಹುಟ್ಟುವ ಮುಂಚೆ. ಹಾಗಾಗಿ ಇಷ್ಟು ವರ್ಷವೂ ಅಕ್ಕಪಕ್ಕದ ಫ್ಲಾಟಿನ ಹೆಂಗಸರನ್ನು ಕರೆದು ಆರತಿ ಮಾಡಿಸಿ, ತಾವು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ನನಗದು ಆ ದಿನವೇ ಗೊತ್ತಾದದ್ದು. ಈಗಲೂ ದೀಪ ಹಚ್ಚಿ ತಟ್ಟೆಯನ್ನು ನನ್ನ ಕೈಗಿಟ್ಟು, ‘ಆಚೆ ಅಂಚಿಗೆ ಬಾಜೂ ಮನಿಯವರನ್ನ ಕರೀರಿ’ ಎಂದು ಅವರು ಹಿಂದೆ ಸರಿದರು.

“ಬನ್ನಿ, ಹಿಡೀರಿ,” ಎಂದೆ.

“ನಾ ಹಿಡೀಬಾರದ್ರೀ ಅಕ್ಕಾರ. ಕೂಸಿಗೆ ಛಲೋ ಅಲ್ಲ.”

“ಛಲೋನೇ ಅಜ್ಜಿ, ಬಾ,” ಎಂದಳು ಮಣೆಯ ಮೇಲೆ ಕೂತಿದ್ದ ಕೂಸು. ಅವರು ಅಲುಗಲಿಲ್ಲ. ವಾದಿಸಿ ಗೆಲ್ಲುವಷ್ಟು ಶಾಸ್ತ್ರ ನನಗೆ ತಿಳಿಯದು, ತಿಳಿದದ್ದನ್ನೇ ಹೇಳಿದೆ.

“ನೋಡಿ ಶಾಂತಾಬಾಯಿ, ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಒಂದೇ ಪದ್ಧತಿ. ನೀವು ಬರದಿದ್ರೆ ಅವಳ ಕೈಲಿ ಈ ದೀಪಾನೇ ಊದಿಸಿಬಿಡ್ತೀನಿ.”

ಅನಘಾ ಆಗಲೇ ಕೆನ್ನೆ ಉಬ್ಬಿಸಿದ್ದಳು.

“ಅಯ್ಯಯ್ಯ, ಊದಬ್ಯಾಡ!” ಎಂದು ಶಾಂತಾಬಾಯಿ ಹಾರಿ ಬಂದು ತಟ್ಟೆಯ ಆಚೆ ಅಂಚನ್ನು ಹಿಡಿದರು. ಹಿಡಿದ ಮೇಲೆ ಬಿಡಲಿಲ್ಲ. ತಟ್ಟೆ ವಾಲಾಡುತ್ತಾ ಬಲಕ್ಕೆ ತಿರುಗಿತು, ಮೊಮ್ಮಗಳ ಹಣೆಯ ಮೇಲೆ ಬೆಳಕು ಒಂದು ಸುತ್ತು ಬಂತು.

“ಗಟ್ಟಿ ಹಿಡೀರಿ ಅಕ್ಕಾರ, ತುಪ್ಪ ಚೆಲ್ತದ.”

“ವಾಲ್ತಿರೋದು ನಿಮ್ಮ ಕಡೆ ಕಣ್ರೀ.”

“ನಮ್ಮ ಕಡೆ ಅಲ್ರೀ, ನಿಮ್ಮ ಕಡೆ,” ಎಂದರು ಅವರು, ಕಣ್ಣು ಒರೆಸಿಕೊಳ್ಳಲು ಬಿಡುವಿನ ಕೈಯಿಲ್ಲದೆ.