ಶುಭ ಶುಕ್ರವಾರದ ಎಡೆ

ಸೊಸೆ ಇವತ್ತು ಪುಂಡಿಪಲ್ಯ ಮಾಡಿದ್ದಾಳೆ. ಅದರ ಹುಳಿ ವಾಸನೆ ಪಡಸಾಲೆಯವರೆಗೂ ಬಂದು, ಬೇಡವೆಂದರೂ ನಮ್ಮ ಉಪದೇಶಿಗಳನ್ನು ನೆನಪಿಗೆ ತಂದಿತು. ಈ ವಯಸ್ಸಿನಲ್ಲಿ ನೆನಪುಗಳ ಕಾಟವೂ ಸಾಕಾಗಿಹೋಗಿದೆ...

ಪೊಲೀಸ್ ಆಕ್ಷನ್ ಮುಗಿದು, ನಿಜಾಮರ ಆಳ್ವಿಕೆ ಹೋಗಿ, ಶಹಾಪುರದ ಶಾಲೆಗಳಲ್ಲಿ ಉರ್ದು ಸರಿದು ಕನ್ನಡ ಬರುತ್ತಿದ್ದ ಕಾಲ. ಮಿಷನ್ ಶಾಲೆಗೆ ಪಾಠ ಹೇಳಲು ಆಗಷ್ಟೇ ಸೇರಿದ್ದ ಅಕ್ಕೋರು ನಾನು. ಅವರು ಅಲ್ಲಿನ ಸಣ್ಣ ಕ್ರೈಸ್ತ ಸಭೆಯ ಉಪದೇಶಿ. ಯಾದಗಿರಿಯಿಂದ ಪಾದ್ರಿಗಳು ಬಾರದ ಭಾನುವಾರ ಪ್ರಾರ್ಥನೆ ನಡೆಸುವವರು. ಚರ್ಚಿನ ಹಿಂದಿನ ಒಂದೇ ಕೋಣೆಯಲ್ಲಿ ಹೆಂಡತಿ, ಮೂರು ಮಕ್ಕಳೊಂದಿಗೆ ಸಂಸಾರ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ.

ಆ ವರ್ಷದ ಶುಭ ಶುಕ್ರವಾರ ಚರ್ಚಿನ ಬಾಗಿಲು ತೆರೆದವಳು ನಾನು. ಹೊಸದಾಗಿ ದೀಕ್ಷಾಸ್ನಾನ ಪಡೆದಿದ್ದ, ಕುರಿ ಸಾಕುವ ಮನೆಯ ಮುದುಕಿಯೊಬ್ಬಳು ರೊಟ್ಟಿ, ಪುಂಡಿಪಲ್ಯ ಹಿಡಿದು ನಿಂತಿದ್ದಳು. ಸತ್ತವರ ದಿನ ಅವರಿಗೆ ಎಡೆ ಇಡುವುದು ಅವಳ ಮನೆಯ ಪದ್ಧತಿ. ಇವತ್ತು ಯೇಸುಸ್ವಾಮಿ ಸತ್ತ ದಿನವಲ್ಲವೇ, ಇಡಲೇ ಎಂದು ಕೇಳಿದಳು. ಬಿಸಿಲಿಗೆ ನಾನೂ ಬೇಸತ್ತಿದ್ದೆ. ಇಡು ಎಂದುಬಿಟ್ಟೆ. ಅಂಗಳ ಗುಡಿಸುತ್ತಿದ್ದ ಉಪದೇಶಿಗಳು ತಲೆಯೆತ್ತಿ ನೋಡಿ ಮತ್ತೆ ಪೊರಕೆ ಆಡಿಸಿದರು.

ಆರಾಧನೆಗೆ ಬಂದ ಪಾದ್ರಿಗಳು ಶಿಲುಬೆಯ ಕೆಳಗಿನ ಎಡೆ ನೋಡಿ ಕೆಂಡವಾದರು. ದೇವರಿಗೆ ಹಸಿವುಂಟೇ, ಸತ್ತವರ ಎಡೆಯನ್ನು ದೇವಕುಮಾರನಿಗೆ ಇಡುವುದೇ, ಇದಕ್ಕೆ ಅಪ್ಪಣೆ ಕೊಟ್ಟವರು ಯಾರು ಎಂದು ಸಭೆಯ ಮುಂದೆಯೇ ಕೇಳಿದರು. ನಾನು ತಲೆ ತಗ್ಗಿಸಿ ಸೆರಗು ಸರಿಪಡಿಸಿಕೊಂಡೆ. ಅವ್ವನೂ ಇಬ್ಬರು ತಮ್ಮಂದಿರೂ ನನ್ನ ಕೆಲಸವನ್ನೇ ನಂಬಿದ್ದರು...

“ನಾನ ಹೇಳೀನ್ರಿ,” ಎಂದರು ಉಪದೇಶಿಗಳು.

ಹಾಗಾದರೆ ಯೇಸುಸ್ವಾಮಿ ದೇವರೋ ಮನುಷ್ಯನೋ, ಎಲ್ಲರೆದುರು ಹೇಳು ಎಂದು ಪಾದ್ರಿಗಳು ಪಟ್ಟು ಹಿಡಿದರು. ದೇವರು ಎಂದು ಹೇಳಿ, ನನ್ನದು ತಪ್ಪಾಯಿತು ಎಂದಿದ್ದರೆ ಉಪದೇಶಿಗಳ ಕೆಲಸ ಉಳಿಯುತ್ತಿತ್ತು.

“ದೇವರ ಹೌದ್ರಿ. ಆದ್ರ ಆತ ಖರೇ ಹಸಿದಿಲ್ಲಂದ್ರ, ಖರೇ ಸತ್ತಾನಂತ ನಾ ಹ್ಯಾಂಗ ಹೇಳ್ಲಿರಿ? ಮನುಷ್ಯಾನೂ ಹೌದ್ರಿ. ಮುದುಕಿದೇನ ತಪ್ಪಿಲ್ಲ.”

ಎರಡೂ ಹೌದೆಂಬುದು ಪಾದ್ರಿಗಳಿಗೂ ಗೊತ್ತಿದ್ದ ಮಾತೇ. ಆದರೆ ಸಭೆಯ ಮುಂದೆ ಎದುರುತ್ತರ ಕೇಳಿಸಿಕೊಂಡಾಗಿತ್ತು. ಮುಂದಿನ ವಾರವೇ ಅವರನ್ನು ಕೆಲಸದಿಂದ ತೆಗೆದು ಕೋಣೆ ಖಾಲಿ ಮಾಡಿಸಿದರು.

ಹುಣಸಗಿ ಕಡೆ ಹೊರಟ ಗಾಡಿಗೆ ಟ್ರಂಕು ಏರಿಸುವಾಗ ಹೋಗಿ ನಿಂತೆ. ಈಗಲಾದರೂ ಪಾದ್ರಿಗಳಿಗೆ ನಿಜ ಹೇಳಿಬಿಡುತ್ತೇನೆ ಎಂದೆ.

“ಬ್ಯಾಡ ತಂಗಿ. ಚಲೋ ಕಲಿಸ್ತಿ ನೀ. ಇಲ್ಲೇ ಇರು.”

ಇದ್ದುಬಿಟ್ಟೆ. ನಿವೃತ್ತಿಯಾಗುವವರೆಗೂ ಇದ್ದೆ.

ಅಲ್ಲಿ ಅವರು ಹೊಲದ ಕೂಲಿಗೆ ಹೋಗುತ್ತಿದ್ದರಂತೆ. ತೀರಿಕೊಂಡ ಸುದ್ದಿಯೂ ಹಳೆಯದಾಯಿತು. ಈಗಿನ ಪಾದ್ರಿಗಳು ಯೇಸುಸ್ವಾಮಿ ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು ಸಲೀಸಾಗಿ ಬೋಧಿಸುತ್ತಾರೆ. ನಾನು ಮುಂದಿನ ಸಾಲಿನಲ್ಲಿ ಕುಳಿತು ಆಮೆನ್ ಎನ್ನುತ್ತೇನೆ. ಹುಣಸಗಿ ಏನು ದೂರದ ಊರಲ್ಲ, ದಿನಾ ಬಸ್ಸಿದೆ. ಆ ಐದು ಜನ ಉಂಡರೋ ಇಲ್ಲವೋ ಎಂದು ನೋಡಲು ನಾನು ಒಮ್ಮೆಯೂ ಹೋಗಲಿಲ್ಲ.